ಓದುಗರ ಪ್ರಶ್ನೆಗಳು: ಜೋಡಿ ಒಡಲಿನ ಹಾಯಿದೋಣಿ, ಅದರ ಟ್ರೇಲರ್, ಅದರ ಚಳಿಗಾಲ

ಪ್ರಶ್ನೆ: ಹಳೆಯ ಹೋಬಿ 16 ಕ್ಯಾಟಮರಾನ್ ಕೊಂಡಿದ್ದೇನೆ. ಜೊತೆಗೆ ಸಿಕ್ಕ ಟ್ರೇಲರ್ ಮಾಮೂಲಿ ಮೋಟರ್ ಬೋಟಿನದು. ಎರಡು ಅಡ್ಡ ಹಲಗೆ ಹಾಕಿ ಮೇಲೆ ಕೂರಿಸಿ ಕಟ್ಟಿದರೆ ಸಾಕೇ?

ಉತ್ತರ: ಸಾಲದು. ಈ ದೋಣಿಯ ಒಡಲು ಎರಡು ತೆಳು ಫೈಬರ್‌ಗ್ಲಾಸ್ ಪದರಗಳ ನಡುವೆ ಫೋಮ್ ಇಟ್ಟು ಮಾಡಿದ್ದು. ಚಪ್ಪಟೆ ಹಲಗೆಯ ಮೇಲಿಟ್ಟರೆ ಚೂಪು ತಳದ ಒಂದೆರಡು ಬೆರಳಗಲದ ಮೇಲೆ ಇಡೀ ಭಾರ ಬೀಳುತ್ತದೆ, ರಸ್ತೆಯ ಪ್ರತಿ ಕುಲುಕಿನ ಪೆಟ್ಟೂ ಅಲ್ಲಿಗೇ. ಕ್ರಮೇಣ ಪದರ ಫೋಮ್‌ನಿಂದ ಬಿಟ್ಟುಕೊಳ್ಳುತ್ತದೆ. ಕೊಳ್ಳುವಾಗ ನೋಡಿರದಿದ್ದರೆ ಈಗಲಾದರೂ ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ‘ಟಕ್’ ಎನ್ನುತ್ತದೆ, ಬಿಟ್ಟ ಜಾಗ ‘ಡಬ್’ ಎನ್ನುತ್ತದೆ.

ಪ್ರತಿ ಒಡಲಿಗೂ ಎರಡು ಆಧಾರ ಬೇಕು. ತಳದ ಆಕಾರಕ್ಕೆ ಹೊಂದುವ ತೊಟ್ಟಿಲಾದರೂ ಸರಿ, ಅಗಲವಾದ ಮೆತ್ತನೆ ರಬ್ಬರ್ ರೋಲರ್ ಆದರೂ ಸರಿ. ಅವು ಇರಬೇಕಾದದ್ದು ಎರಡು ಒಡಲುಗಳನ್ನು ಜೋಡಿಸುವ ಮುಂದಿನ ಮತ್ತು ಹಿಂದಿನ ಅಡ್ಡಕೊಳವೆಗಳನ್ನು ಹೊತ್ತ ಗಿಡ್ಡ ಕಂಬಗಳ ನೇರ ಕೆಳಗೆ, ಏಕೆಂದರೆ ಒಡಲು ಗಟ್ಟಿಯಾಗಿರುವುದು ಅಲ್ಲೇ. ಈ ದೋಣಿಯ ತಳ ಬಾಳೆಹಣ್ಣಿನಂತೆ ಬಾಗಿದೆ. ಹಾಗಾಗಿ ಎರಡೂ ಆಧಾರಗಳ ಎತ್ತರವನ್ನು ದೋಣಿ ಕೂರಿಸಿ ನೋಡಿಯೇ ನಿಗದಿಪಡಿಸಿ, ಅಳತೆಪಟ್ಟಿ ಒಂದನ್ನೇ ನಂಬಬೇಡಿ.

ಕಟ್ಟುವ ಬೆಲ್ಟ್ ಅಡ್ಡಕೊಳವೆಗಳ ಮೇಲೆ ಹೋಗಲಿ, ಒಡಲಿನ ಮೇಲೆ ಬೇಡ. ರ‍್ಯಾಚೆಟ್ ಬೆಲ್ಟ್ ಆದರೆ ದೋಣಿ ಅಲುಗಾಡದಷ್ಟು ಬಿಗಿ ಸಾಕು. ಬೆಲ್ಟನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಪಟಪಟ ಬಡಿದುಕೊಳ್ಳುವುದಿಲ್ಲ. ಬ್ರೇಕ್ ಹಾಕಿದಾಗ ದೋಣಿ ಮುಂದಕ್ಕೆ ಜಾರದಂತೆ ಹಿಂದಕ್ಕೆಳೆಯುವ ಒಂದು ಕಟ್ಟು, ಹಿಂದಕ್ಕೆ ಸರಿಯದಂತೆ ಮೂತಿಯಿಂದ ಟ್ರೇಲರಿನ ಮುಂಗಂಬಕ್ಕೆ ಇನ್ನೊಂದು ಕಟ್ಟು ಇರಲಿ. ಚುಕ್ಕಾಣಿಗಳನ್ನು ಕಳಚಿ ಕಾರಿನೊಳಗಿಡಿ. ಮೇಲೆತ್ತಿ ಕಟ್ಟಿದರೂ ಕುಲುಕಾಟಕ್ಕೆ ಅವುಗಳ ಪಿನ್ನಿನ ತೂತು ಸವೆಯುತ್ತದೆ.

ಇನ್ನು ಭಾರ. ದೋಣಿ ಸುಮಾರು 145 ಕಿಲೋ. ಟ್ರೇಲರ್ ಸೇರಿ 350 ಆಯಿತೆನ್ನಿ, ಕಾರಿನ ಕೊಕ್ಕೆಯ ಮೇಲೆ ಅದರ ಹತ್ತನೇ ಒಂದು ಪಾಲು, ಅಂದರೆ 35 ಕಿಲೋ ಆಸುಪಾಸು ಬೀಳಲಿ. ಕಾರಿನ ಕೈಪಿಡಿ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದೇ ಅಂತಿಮ. ಮನೆಯ ತೂಕದ ಯಂತ್ರವನ್ನು ಟ್ರೇಲರಿನ ಮೂತಿಯ ಕೆಳಗಿಟ್ಟು ನೋಡಬಹುದು. ತೀರಾ ಹಗುರವಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಆಡಿಸಲು ಶುರುಮಾಡುತ್ತದೆ. ಆಗ ಚಕ್ರಗಳ ಅಚ್ಚನ್ನು ಹಿಂದಕ್ಕೆ ಸರಿಸಿ, ಆಗದಿದ್ದರೆ ದೋಣಿಯನ್ನು ಮುಂದಕ್ಕೆ ತಂದು ಆಧಾರಗಳನ್ನೂ ಅಷ್ಟೇ ಸರಿಸಿ.

ಪ್ರಶ್ನೆ: ಟ್ರೇಲರಿನ ಚಕ್ರದ ಬೇರಿಂಗ್ ಎರಡು ಸಲ ದಾರಿಯಲ್ಲೇ ಹೋಯಿತು. ಪ್ರತಿ ಸಲವೂ ಗ್ರೀಸ್ ತುಂಬಿಸಿದ್ದೆ.

ಉತ್ತರ: ತಪ್ಪು ಗ್ರೀಸಿನದ್ದಿರಲಾರದು. ದೂರ ಓಡಿ ಬಿಸಿಯಾದ ಹಬ್ ಅನ್ನು (ಬೇರಿಂಗ್ ಕೂರುವ ಚಕ್ರದ ನಡುಭಾಗವನ್ನು) ತಕ್ಷಣ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಉಪ್ಪುನೀರಾದರೆ ಕೆಲವೇ ವಾರಗಳಲ್ಲಿ ರೋಲರ್‌ಗಳ ಮೇಲೆ ತುಕ್ಕಿನ ಚುಕ್ಕೆ. ಇಷ್ಟು ಹಗುರ ದೋಣಿಗೆ ಟ್ರೇಲರನ್ನು ನೀರಿಗಿಳಿಸುವ ಅಗತ್ಯವೇ ಇಲ್ಲ. ದಡದಲ್ಲಿ ದಪ್ಪ ಗಾಳಿಚಕ್ರದ ಕೈಗಾಡಿಗೆ ದಾಟಿಸಿದರೆ ಮುಗಿಯಿತು.

ವರ್ಷಕ್ಕೊಮ್ಮೆ ಬಿಚ್ಚಿ. ಚಕ್ರವನ್ನು ಜಾಕ್ ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಆಟವಿದೆಯೇ ನೋಡಿ. ತಿರುಗಿಸಿ ಕಿವಿಗೊಡಿ, ಮರಳು ಅರೆದಂಥ ಸದ್ದು ಬಂದರೆ ಬೇರಿಂಗನ್ನೂ ಅದು ಕೂರುವ ಹೊರಬಳೆಯನ್ನೂ (ಕಪ್) ಜೊತೆಯಾಗಿಯೇ ಬದಲಿಸಿ. ಸದ್ದಿಲ್ಲದಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲ ಬದಿಯನ್ನು ಅದಕ್ಕೆ ಒತ್ತುತ್ತಾ ಬನ್ನಿ. ಆ ಕಡೆಯಿಂದ ಗ್ರೀಸ್ ಹೊರಬರುವತನಕ. ಹೊರಗಿನಿಂದ ಬಳಿದ ಗ್ರೀಸ್ ರೋಲರ್‌ಗಳ ಹಿಂದೆ ಹೋಗುವುದೇ ಇಲ್ಲ, ನಿಮ್ಮದು ಅದೂ ಆಗಿರಬಹುದು. ಆಯಿಲ್ ಸೀಲ್ ಪ್ರತಿ ಸಲ ಹೊಸದು. ನಟ್ಟನ್ನು ಚಕ್ರ ತಿರುಗಿಸುತ್ತಲೇ ತುಸು ಬಿಗಿಹಿಡಿಯುವವರೆಗೆ ತಿರುವಿ, ಮುಂದಿನ ತೂತಿಗೆ ಹೊಂದುವಷ್ಟು ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಹೊರಟ ಮೇಲೆ 15–20 ಕಿಲೋಮೀಟರಿಗೆ ನಿಲ್ಲಿಸಿ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈಯಿಡಲಾಗದಿದ್ದರೆ ಮುಂದೆ ಹೋಗಬೇಡಿ.

ಪ್ರಶ್ನೆ: ಚಳಿಗಾಲ ಪೂರ್ತಿ ದೋಣಿ ಟ್ರೇಲರಿನ ಮೇಲೆ ಬಯಲಲ್ಲೇ ಇರಬೇಕು. ತಾಡಪಾಲು ಬಿಗಿದು ಸುತ್ತಿದ್ದೇನೆ. ಇನ್ನೇನು?

ಉತ್ತರ: ಮೊದಲು ಆ ಸುತ್ತು ಬಿಚ್ಚಿ. ಗಾಳಿಯಾಡದಿದ್ದರೆ ಒಳಗೆಲ್ಲ ಬೆವರಿ ಬೂಷ್ಟು ಕಟ್ಟುತ್ತದೆ. ಗಾಳಿಗೆ ಬಡಿಯುವ ತಾಡಪಾಲು ಒಡಲಿನ ಹೊಳಪನ್ನು ಉಜ್ಜಿ ತೆಗೆಯುತ್ತದೆ. ಹಾಯಿಕಂಬವನ್ನೇ ಎರಡು ಆಸರೆಗಳ ಮೇಲೆ, ದೋಣಿಗಿಂತ ಅರ್ಧ ಮೀಟರಾದರೂ ಎತ್ತರಕ್ಕೆ ಮಲಗಿಸಿ. ಅದರ ಮೇಲಿಂದ ಎರಡೂ ಬದಿಗೆ ತಾಡಪಾಲು ಇಳಿಬಿಟ್ಟರೆ ಮಾಡಿನ ಆಕಾರ ಬರುತ್ತದೆ, ಮಳೆ ಹಿಮ ಜಾರಿಹೋಗುತ್ತವೆ. ಎರಡೂ ತುದಿ ತೆರೆದಿರಲಿ.

ಹಿಂಬದಿಯ ಬಿರಡೆಗಳನ್ನು ತೆಗೆದು, ಟ್ರೇಲರಿನ ಮೂತಿಯನ್ನು ಎತ್ತರಿಸಿಡಿ. ಒಡಲಿನೊಳಗಿನ ನೀರೆಲ್ಲ ಹಿಂದಕ್ಕೆ ಹರಿದುಹೋಗಲಿ. ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತದೆ. ಬಿರುಕಿನಿಂದ ಫೋಮಿಗಿಳಿದ ನೀರು ಹೀಗೆ ಹಿಗ್ಗಿ ಕುಗ್ಗಿ, ಅಂಗೈಯಗಲದ ಬಿಡುಕನ್ನು ಮಾರುದ್ದ ಮಾಡಿಬಿಡಬಹುದು. ಬಿರಡೆಯ ತೂತಿಗೆ ಸಣ್ಣ ತಂತಿಜಾಲರಿ ಸಿಕ್ಕಿಸಿದರೆ ಹುಳಹುಪ್ಪಟೆ ಒಳಸೇರುವುದಿಲ್ಲ.

ಒಡಲುಗಳ ನಡುವೆ ಕೂರಲು ಬಿಗಿದ ಬಟ್ಟೆಯನ್ನು, ಅಂದರೆ ಟ್ರ್ಯಾಂಪೊಲಿನ್ ಅನ್ನು, ಬಿಚ್ಚಿ ಒಳಗಿಡಿ. ಅದನ್ನು ಹಾಳುಮಾಡುವುದು ಚಳಿಗಿಂತ ಹೆಚ್ಚಾಗಿ ಬಿಸಿಲು, ಮೊದಲು ಸಾಯುವುದು ಹೊಲಿಗೆಯ ದಾರ. ಹಾಯಿಯನ್ನು ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬ್ಯಾಟನ್‌ಗಳ (ಹಾಯಿಯ ಆಕಾರ ಹಿಡಿಯುವ ಪಟ್ಟಿಗಳ) ಬಿಗಿ ಸಡಿಲಿಸಿ, ಮಡಚದೆ ಸುರುಳಿ ಸುತ್ತಿ. ಇಲಿ ಬರುವ ಕಡೆ ನೆಲದಲ್ಲಿ ಇಡಬೇಡಿ, ಸೂರಿಗೆ ನೇತುಹಾಕಿ. ಟೈರುಗಳ ಭಾರ ಇಳಿಸಿ ಅಚ್ಚಿನ ಕೆಳಗೆ ದಿಮ್ಮಿ ಕೊಡಿ.

ಹಾಯಿಕಂಬ ಕೈಗೆಟುಕುವಾಗಲೇ ಅದನ್ನು ಹಿಡಿದು ನಿಲ್ಲಿಸುವ ತಂತಿಗಳನ್ನೂ ಪರೀಕ್ಷಿಸಿ. ಹಳೆಯ ಹತ್ತಿಬಟ್ಟೆಯನ್ನು ಸಡಿಲವಾಗಿ ಹಿಡಿದು ತಂತಿಯುದ್ದಕ್ಕೂ ಎಳೆಯಿರಿ, ಬರಿಗೈ ಬೇಡ. ಬಟ್ಟೆ ಸಿಕ್ಕಿಕೊಂಡಲ್ಲಿ ಒಂದೆಳೆ ತುಂಡಾಗಿದೆ ಎಂದರ್ಥ, ಅದೂ ಹೆಚ್ಚಾಗಿ ತಂತಿ ಲೋಹದ ತುದಿಯೊಳಗೆ ಹೋಗುವ ಜಾಗದಲ್ಲೇ. ಒಂದೇ ಎಳೆಯಾದರೂ ಇಡೀ ತಂತಿ ಬದಲಿಸಿ.

ಪ್ರಶ್ನೆ: ಕಂಬ ಮಲಗಿಸುವಾಗ ಒಳಗೆ ನೀರು ಕುಲುಕುವ ಸದ್ದು. ಅಪಾಯವೇ?

ಉತ್ತರ: ಹೌದು. ದೋಣಿ ಮಗುಚಿದಾಗ ತೇಲಲೆಂದೇ ಕಂಬವನ್ನು ಮುಚ್ಚಿರುತ್ತಾರೆ. ನೀರು ತುಂಬಿದ ಕಂಬ ಮುಳುಗಿ ದೋಣಿಯನ್ನು ಪೂರ್ತಿ ತಲೆಕೆಳಗು ಮಾಡುತ್ತದೆ. ಬುಡದ ಮುಚ್ಚಳ ತೆಗೆದು ನೀರು ಬಸಿದು, ವಾರವಿಡೀ ಒಣಗಲು ಬಿಟ್ಟು, ಪ್ರತಿ ರಿವೆಟ್ಟಿನ ಸುತ್ತಲೂ ಎರಡೂ ತುದಿಗಳಿಗೂ ಸೀಲೆಂಟ್ ಹಚ್ಚಿ. ವಸಂತದಲ್ಲಿ ಆಳವಿಲ್ಲದ ನೀರಲ್ಲಿ ಕಂಬವನ್ನು ಮುಳುಗಿಸಿ ಹಿಡಿದು ನೋಡಿ, ಗುಳ್ಳೆ ಬಂದರೆ ಇನ್ನೂ ಸೋರುತ್ತಿದೆ. ಮತ್ತೆ ನಿಲ್ಲಿಸುವ ಮುನ್ನ ತಲೆಯೆತ್ತಿ ವಿದ್ಯುತ್ ತಂತಿ ಎಲ್ಲಿದೆ ನೋಡಿ. ಕಂಬ 8 ಮೀಟರಿನದು, ಅಲ್ಯೂಮಿನಿಯಂನದು.