ಮೊದಲ ಎಫ್‌ಪಿಜಿಎ ಬೋರ್ಡ್: ಚಿಪ್ ನೋಡುವ ಮೊದಲು ಲ್ಯಾಪ್‌ಟಾಪ್ ನೋಡಿ

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬೆಟಗೇರಿಯಲ್ಲಿ ಪವರ್‌ಲೂಮ್ ಮೋಟರ್, ಪ್ಯಾನೆಲ್ ರಿಪೇರಿ ಮಾಡುತ್ತೇನೆ. ಆರ್ಡುಯಿನೊ (ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡ್) ಗೊತ್ತು. ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ರೂಪಿಸಬಹುದಾದ ಚಿಪ್) ಕಲಿತು ಮಗ್ಗದ ಹೊಕ್ಕು (ಅಡ್ಡ ನೂಲು) ಎಣಿಸುವ ಕೌಂಟರ್ ಮಾಡುವ ಆಸೆ. ಹೇಳಿಕೊಡುವವರು ಯಾರೂ ಇಲ್ಲ. ಹುಬ್ಬಳ್ಳಿಯ ಗೆಳೆಯ ತನ್ನ ಹಳೆಯ ಸ್ಪಾರ್ಟನ್-6 ಬೋರ್ಡನ್ನು ಅಗ್ಗಕ್ಕೆ ಕೊಡುತ್ತೇನೆ ಅಂತಾನೆ. ನನ್ನದು 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್. ತಗೊಳ್ಳಲೇ ಸರ್?
— ಓದುಗರು, ಗದಗ-ಬೆಟಗೇರಿ

ಉತ್ತರ: ಬೇಡ. ಚಿಪ್ ಚೆನ್ನಾಗಿಯೇ ಇದೆ, ಆದರೆ ಅದರ ಸಾಫ್ಟ್‌ವೇರ್‌ಗೆ ವಯಸ್ಸಾಗಿದೆ. ಸ್ಪಾರ್ಟನ್-6ಕ್ಕೆ ಅದರ ಕಂಪನಿ ಝೈಲಿಂಕ್ಸ್‌ನ ಹಳೆಯ ಸಾಫ್ಟ್‌ವೇರ್ ಐಎಸ್‌ಇಯೇ ಬೇಕು. ಅದರ ಕೊನೆಯ ಆವೃತ್ತಿ 14.7 ಬಂದದ್ದು 2013ರಲ್ಲಿ. ಅದೇ ಕಂಪನಿಯ ಈಗಿನ ಸಾಫ್ಟ್‌ವೇರ್ ವಿವಾಡೊದಲ್ಲಿ ಈ ಚಿಪ್‌ಗೆ ಜಾಗವೇ ಇಲ್ಲ. ವಿಂಡೋಸ್ 10ರಲ್ಲಿ ಐಎಸ್‌ಇಯನ್ನು ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಒಳಗೆ ಓಡಿಸಬೇಕು. ಒಬ್ಬರೇ ಕಲಿಯುವವರು ಇಂಥ ಜಗ್ಗಾಟದಲ್ಲೇ ಹೈರಾಣಾಗುತ್ತಾರೆ, ಸರ್ಕ್ಯೂಟ್ ಬರೆಯುವ ಭಾಷೆಯಾದ ವೆರಿಲಾಗ್‌ನ ಮೊದಲ ಸಾಲು ಬರೆಯುವ ಹೊತ್ತಿಗೆ ಹುಮ್ಮಸ್ಸೇ ಉಳಿದಿರುವುದಿಲ್ಲ.

ನಿಮಗೆ ನಾನು ಹೇಳುವುದು ಟ್ಯಾಂಗ್ ನ್ಯಾನೊ 9ಕೆ ಎಂಬ ಎಫ್‌ಪಿಜಿಎ ಬೋರ್ಡ್. 8,640 ಲಟ್‌ಗಳಿವೆ (ಲಾಜಿಕ್ ಕಟ್ಟುವ ಪುಟ್ಟ ಘಟಕಗಳು), ಕಲಿಕೆಗೆ ಧಾರಾಳ. ಪ್ರೋಗ್ರಾಮರ್ ಬೋರ್ಡ್ ಮೇಲೆಯೇ ಇರುವುದರಿಂದ ಯುಎಸ್‌ಬಿ ಕೇಬಲ್ ಒಂದಿದ್ದರೆ ಸಾಕು. ಅದರ ಚಿಪ್ ಕಂಪನಿ ಗೋವಿನ್‌ನ ಸಾಫ್ಟ್‌ವೇರಿನ ಎಜುಕೇಷನ್ ಆವೃತ್ತಿಗೆ ಲೈಸೆನ್ಸ್ ಬೇಡ, ನಿಮ್ಮ ಲ್ಯಾಪ್‌ಟಾಪಿಗೆ ಭಾರವೂ ಆಗದು. ದುಡ್ಡಿನ ಅನುಕೂಲ ಚೆನ್ನಾಗಿದ್ದರೆ ಝೈಲಿಂಕ್ಸ್ ಚಿಪ್ಪಿನ ಬೇಸಿಸ್ 3 ಬೋರ್ಡ್ ಇನ್ನೂ ಒಳ್ಳೆಯದು: 16 ಸ್ವಿಚ್, 16 ಎಲ್‌ಇಡಿ, ನಾಲ್ಕಂಕಿಯ ಡಿಸ್‌ಪ್ಲೇ ಎಲ್ಲ ಅದರಲ್ಲೇ ಇವೆ. ಆದರೆ ಬೆಲೆ ಹಲವು ಪಟ್ಟು, ವಿವಾಡೊಗೆ ಹತ್ತಾರು ಜಿಬಿ ಡಿಸ್ಕ್ ಬೇರೆ ಬೇಕು.

ಬೋರ್ಡ್ ಬರುವವರೆಗೆ ಸುಮ್ಮನೆ ಕೂಡಬೇಡಿ. ಕಂಪ್ಯೂಟರಿನಲ್ಲೇ ಸರ್ಕ್ಯೂಟ್ ಓಡಿಸಿ ನೋಡುವ ಐಕಾರಸ್ ವೆರಿಲಾಗ್, ಅದರ ವೇವ್‌ಫಾರ್ಮ್ ತೋರಿಸುವ ಜಿಟಿಕೆವೇವ್ ಎರಡೂ ಉಚಿತ. ಸಿಮ್ಯುಲೇಷನ್ ಇಂದೇ ಶುರು ಮಾಡಬಹುದು. ಆರ್ಡುಯಿನೊದಿಂದ ಬಂದವರು ವೆರಿಲಾಗ್ ಸಾಲುಗಳು ಒಂದಾದ ಮೇಲೊಂದು ಓಡುತ್ತವೆ ಅಂದುಕೊಳ್ಳುತ್ತಾರೆ. ಹಾಗಲ್ಲ, ನೀವು ಬರೆಯುವುದು ಸರ್ಕ್ಯೂಟ್. ಅದರ ಭಾಗಗಳೆಲ್ಲ ಏಕಕಾಲಕ್ಕೆ ಕೆಲಸ ಮಾಡುತ್ತವೆ. ವೇವ್‌ಫಾರ್ಮ್ ಕಣ್ಣಾರೆ ನೋಡಿದರೆ ಇದು ಬೇಗ ತಲೆಗೆ ಹತ್ತುತ್ತದೆ.

ಮೊದಲು ಎಲ್‌ಇಡಿ ಮಿಣುಕಿಸಿ. ಟ್ಯಾಂಗ್ ನ್ಯಾನೊ ಬೋರ್ಡಿನ ಕ್ಲಾಕ್ 27 ಮೆಗಾಹರ್ಟ್ಸ್. ಅರ್ಧ ಸೆಕೆಂಡಿಗೆ 1,35,00,000 ಎಣಿಸಬೇಕು. 23 ಬಿಟ್ ರಿಜಿಸ್ಟರ್ 83,88,607ಕ್ಕೇ ತುಂಬಿಬಿಡುತ್ತದೆ, ಹಾಗಾಗಿ 24 ಬಿಟ್ ಬೇಕು. ಇಲ್ಲಿ ಎಲ್‌ಇಡಿ ಹತ್ತುವುದು 0 ಕೊಟ್ಟಾಗ, ಗಾಬರಿಯಾಗಬೇಡಿ.

ಆಮೇಲೆ ಬಟನ್. ಒಮ್ಮೆ ಒತ್ತಿದರೂ ಎಣಿಕೆ ಮೂರೋ ನಾಲ್ಕೋ ಹಾರುತ್ತದೆ. ಒಳಗಿನ ಲೋಹದ ಪಟ್ಟಿ ಕೆಲವು ಮಿಲಿಸೆಕೆಂಡ್ ಅದುರುತ್ತದೆ. ಸುಮಾರು 37 ನ್ಯಾನೊಸೆಕೆಂಡಿಗೊಮ್ಮೆ ನೋಡುವ ಚಿಪ್‌ಗೆ ಪ್ರತಿ ಅದುರೂ ಕಾಣುತ್ತದೆ. ಸಿಗ್ನಲ್ಲನ್ನು ಎರಡು ಫ್ಲಿಪ್‌ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಘಟಕ) ದಾಟಿಸಿ, 10 ಮಿಲಿಸೆಕೆಂಡ್ ಅಂದರೆ 2,70,000 ಕ್ಲಾಕ್ ಕಾಲ ಬದಲಾಗದೆ ನಿಂತರೆ ಮಾತ್ರ ಎಣಿಸಿ. ನಿಮ್ಮ ಹೊಕ್ಕು ಕೌಂಟರಿನ ಜೀವಾಳ ಇದೇ.

ಒಂದು ಮಗ್ಗಕ್ಕಾದರೆ ಆರ್ಡುಯಿನೊವೇ ಸಾಕು, ಎಫ್‌ಪಿಜಿಎ ಬೇಕಿಲ್ಲ. ಶೆಡ್ಡಿನ ಮಗ್ಗಗಳಿಗೆಲ್ಲ ಒಂದೊಂದು ಪ್ರತ್ಯೇಕ ಕೌಂಟರನ್ನು ಒಂದೇ ಚಿಪ್ಪಿನಲ್ಲಿ ಇಡುವಾಗ ಅದರ ಸುಖ ಗೊತ್ತಾಗುತ್ತದೆ. ಆದರೆ ಪ್ಯಾನೆಲ್ಲಿನ 24 ವೋಲ್ಟ್ ಸೆನ್ಸರ್ ಇರಲಿ, ಆರ್ಡುಯಿನೊದ 5 ವೋಲ್ಟ್ ಕೂಡ ಈ ಪಿನ್ನುಗಳಿಗೆ ನೇರ ಕೊಡಬೇಡಿ. ಅವು 3.3 ವೋಲ್ಟಿನವು, ಕೆಲವು 1.8ರವು, ಚಿಪ್ ಸುಟ್ಟುಹೋಗಬಹುದು. ನಡುವೆ ಆಪ್ಟೊಕಪ್ಲರ್ (ಸಿಗ್ನಲ್ಲನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಹಾಕಿ, ಪಿನ್ನಿನ ವೋಲ್ಟೇಜನ್ನು ಬೋರ್ಡಿನ ಸ್ಕೀಮ್ಯಾಟಿಕ್ ನೋಡಿ ಖಚಿತ ಮಾಡಿಕೊಂಡೇ ವೈರ್ ಜೋಡಿಸಿ.