ಸೇಂಟ್ ಲೂಯಿಸ್‌ನಲ್ಲಿ ಆರ್ಚ್ ಬಿಟ್ಟರೆ ನೋಡೋದಕ್ಕೆ ಏನಿದೆ?

"ಕೆಲಸದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಬರುತ್ತಿದ್ದೇನೆ. ಆ ಊರಲ್ಲಿ ಆರ್ಚ್ ಅನ್ನುವ ದೊಡ್ಡ ಕಮಾನು ಒಂದು ಬಿಟ್ಟರೆ ಏನೂ ಇಲ್ಲ, ಕತ್ತಲಾದ ಮೇಲೆ ಹೊರಗೆ ಕಾಲಿಡಬೇಡ ಅಂತ ಎಲ್ಲರೂ ಹೆದರಿಸುತ್ತಾರೆ. ಇತಿಹಾಸ, ಸಂಸ್ಕೃತಿ ಅಂತ ಏನಾದರೂ ಇದೆಯಾ?" ಅಂತ ಕೇಳಿದ್ದೀರಿ.

ಬೇಕಾದಷ್ಟಿದೆ. ನಾನು ಇಲ್ಲಿಗೆ ಬಂದು ನೆಲೆಸಿ ಬಹಳ ವರ್ಷ ಆಯಿತು. ಈ ಊರನ್ನು ಎರಡೇ ಮಾತಲ್ಲಿ ತಳ್ಳಿ ಹಾಕಿದರೆ ನನಗೆ ಬೇಜಾರಾಗುತ್ತದೆ. ನೀವು ಮೊದಲ ರಜೆಯ ದಿನ ನೇರ ಆರ್ಚ್ ಮೇಲೆ ಹತ್ತಬೇಡಿ, ಹೊಳೆ ದಂಡೆಗೆ ಇಳಿಯಿರಿ. ಈ ಊರು ಹುಟ್ಟಿದ್ದು, ಬೆಳೆದದ್ದು, ಒಮ್ಮೆ ಸುಟ್ಟು ಹೋದದ್ದು ಎಲ್ಲಾ ಮಿಸಿಸಿಪ್ಪಿ ದಂಡೆಯಲ್ಲೇ.

ಆರ್ಚ್ ಮುಂದಿನ ಮೆಟ್ಟಿಲಿಳಿದು ರಸ್ತೆ ದಾಟಿದರೆ ಕಲ್ಲು ಹಾಸಿದ ಇಳಿಜಾರು ಸಿಗುತ್ತದೆ. ಇಲ್ಲಿನವರು ಅದನ್ನು ಲೆವಿ ಅನ್ನುತ್ತಾರೆ. ಸ್ವಲ್ಪ ಬಗ್ಗಿ ಹುಡುಕಿದರೆ ಕಲ್ಲುಗಳ ನಡುವೆ ತುಕ್ಕು ಹಿಡಿದ ದಪ್ಪ ಕಬ್ಬಿಣದ ಬಳೆಗಳು ಕಾಣುತ್ತವೆ. ಸ್ಟೀಮ್‌ಬೋಟುಗಳನ್ನು ಕಟ್ಟುತ್ತಿದ್ದದ್ದು ಅವಕ್ಕೇ. ಮಳೆಗಾಲದ ಹೊಳೆ ಏರಿದರೆ ಈ ಕಲ್ಲು, ಬಳೆ, ಪಕ್ಕದ ರಸ್ತೆ ಎಲ್ಲವೂ ನೀರಿನಡಿ ಹೋಗುತ್ತವೆ.

1764ರಲ್ಲಿ ಪಿಯರ್ ಲಾಕ್ಲೀಡ್ ಎಂಬ ಫ್ರೆಂಚ್ ವ್ಯಾಪಾರಿ, ಹದಿಹರೆಯದ ಒಗುಸ್ಟ್ ಶೂಟೋ ಜೊತೆ ಸೇರಿ ಇಲ್ಲಿ ಊರು ಕಟ್ಟಿದ. ಜಾಗ ಆರಿಸಿದ್ದು ಸುಮ್ನೆ ಅಲ್ಲ. ಮಿಸೌರಿ ನದಿ ಬಂದು ಸೇರುವುದು ಇಲ್ಲಿಂದ ಸ್ವಲ್ಪ ಮೇಲೆ, ದಂಡೆ ಎತ್ತರ, ನೆರೆಯ ಭಯ ಕಡಿಮೆ. ಪಶ್ಚಿಮದ ಕಾಡಿನಿಂದ ಬರುವ ತುಪ್ಪಳದ ಚರ್ಮ ಎಲ್ಲವೂ ಈ ದಂಡೆಗೇ ಬಂದು ಇಳಿಯುತ್ತಿತ್ತು. ಮೊದಲ ಸ್ಟೀಮ್‌ಬೋಟ್ 1817ರಲ್ಲಿ ಬಂತು. ಆಮೇಲೆ ಊರು ಬೆಳೆದದ್ದೇ ಬೆಳೆದದ್ದು.

ಆದರೆ ಹೊಳೆ ಹೇಳಿದ ಮಾತು ಕೇಳುವಂಥದ್ದಲ್ಲ. 1830ರ ದಶಕದಲ್ಲಿ ಅದು ಆಚೆ ದಡದ ಇಲಿನಾಯ್ ಕಡೆಗೆ ಸರಿಯಲು ಶುರು ಮಾಡಿತು. ಈಚೆ ಬಂದರಿನಲ್ಲಿ ಮರಳು ತುಂಬುತ್ತಾ ಬಂತು. ಹಾಗೇ ಬಿಟ್ಟಿದ್ದರೆ ಬಂದರು ಒಣಗಿಯೇ ಹೋಗುತ್ತಿತ್ತು. ಸರ್ಕಾರ ಒಬ್ಬ ಸೇನಾ ಎಂಜಿನಿಯರನ್ನು ಕಳಿಸಿತು. ಆತ ಅಡ್ಡಗಟ್ಟೆಗಳನ್ನು ಹಾಕಿಸಿ ನೀರನ್ನು ಮತ್ತೆ ಊರ ಕಡೆ ತಿರುಗಿಸಿದ. ಅವನೇ ರಾಬರ್ಟ್ ಲೀ. ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಸೈನ್ಯ ನಡೆಸಿದವನು.

1849ರ ಮೇ ತಿಂಗಳಲ್ಲಿ ದಂಡೆಯಲ್ಲಿ ನಿಂತಿದ್ದ ಒಂದು ಬೋಟಿಗೆ ಬೆಂಕಿ ಬಿತ್ತು. ಅದರಿಂದ ಇಪ್ಪತ್ತಕ್ಕೂ ಜಾಸ್ತಿ ಬೋಟುಗಳು ಸುಟ್ಟವು, ಬೆಂಕಿ ಮೇಲೆ ಹತ್ತಿ ಊರಿನ ನಡುಭಾಗವನ್ನೂ ತಿಂದಿತು. ಅದೇ ವರ್ಷ ಕಾಲರಾ ಬಂದು ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕಟ್ಟಿದ ಊರು ಇಟ್ಟಿಗೆಯದು. ಕೆಳಗಿನ ಮಣ್ಣಲ್ಲೇ ಒಳ್ಳೆ ಜೇಡಿ ಇತ್ತು, ಜರ್ಮನಿಯಿಂದ ಬಂದ ಕೆಲಸಗಾರರಿದ್ದರು. ಸೂಲಾರ್ಡ್ ಕಡೆ ಬೀದಿಯಲ್ಲಿ ಸುಮ್ನೆ ನಡೆದು ನೋಡಿ. ಸಾಲು ಸಾಲು ಕೆಂಪಿಟ್ಟಿಗೆ ಮನೆಗಳು, ಸೂರಿನ ಕೆಳಗೆ ಇಟ್ಟಿಗೆಯಲ್ಲೇ ಬಿಡಿಸಿದ ಅಂಚು. ನನಗೆ ಈ ಊರಲ್ಲಿ ಅತಿ ಇಷ್ಟವಾದ ನೋಟ ಅದು.

ಲೆವಿಯಿಂದ ಎಡಕ್ಕೆ ತಿರುಗಿದರೆ ಈಡ್ಸ್ ಸೇತುವೆ. ಇದನ್ನು ನೋಡದೆ ಹೋಗಬೇಡಿ. ಆ ಹೊತ್ತಿಗೆ ರೈಲಿನ ವ್ಯಾಪಾರವನ್ನೆಲ್ಲ ಶಿಕಾಗೊ ಎಳೆದುಕೊಳ್ಳುತ್ತಿತ್ತು. ಹೊಳೆ ದಾಟದೆ ಸೇಂಟ್ ಲೂಯಿಸ್‌ಗೆ ಉಳಿಗಾಲ ಇರಲಿಲ್ಲ. ಕೆಲಸ ಕೈಗೆತ್ತಿಕೊಂಡ ಜೇಮ್ಸ್ ಈಡ್ಸ್ ಅದಕ್ಕೂ ಮುಂಚೆ ಸೇತುವೆ ಕಟ್ಟಿದವನೇ ಅಲ್ಲ, ಎಂಜಿನಿಯರಿಂಗ್ ಕಾಲೇಜು ಮೆಟ್ಟಿಲು ಹತ್ತಿದವನೂ ಅಲ್ಲ. ಆದರೆ ಮುಳುಗಿದ ಬೋಟುಗಳ ಮಾಲು ಎತ್ತುವ ಕಸುಬು ಅವನದು. ಗಾಳಿ ತುಂಬಿದ ಗಂಟೆಯಾಕಾರದ ಗೂಡಿನಲ್ಲಿ ಇಳಿದು ಮಿಸಿಸಿಪ್ಪಿ ತಳದಲ್ಲೇ ನಡೆದಿದ್ದ. ಅಲ್ಲಿ ಮರಳು ನಿಲ್ಲುವುದಿಲ್ಲ, ಹರಿಯುತ್ತಲೇ ಇರುತ್ತದೆ ಅಂತ ಅವನ ಕಾಲಿಗೇ ಗೊತ್ತಾಗಿತ್ತು. ಹಾಗಾಗಿ ಕಂಬ ಮರಳ ಮೇಲೆ ನಿಲ್ಲಬಾರದು, ಅಡಿಯ ಬಂಡೆ ಮುಟ್ಟಲೇಬೇಕು ಅಂತ ಹಟ ಹಿಡಿದ.

ಬಂಡೆ ಇದ್ದದ್ದು ನೂರಡಿ ಆಸುಪಾಸಿನ ಆಳದಲ್ಲಿ. ತಳ ತೆರೆದ ದೊಡ್ಡ ಕಬ್ಬಿಣದ ಪೆಟ್ಟಿಗೆ ಇಳಿಸಿ, ನೀರು ನುಗ್ಗದ ಹಾಗೆ ಒತ್ತಡದ ಗಾಳಿ ತುಂಬಿ, ಒಳಗೆ ಆಳುಗಳು ಮರಳು ಅಗೆದರು. ಆ ಒತ್ತಡದಿಂದ ಬೇಗ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತದೆ. ಆಗ ಅಲ್ಲಿದ್ದವರಿಗೆ ಅದು ಸರಿಯಾಗಿ ತಿಳಿದಿರಲಿಲ್ಲ. ಕೆಲಸಗಾರರು ಸೊಂಟ ಬಗ್ಗಿ, ಕೈಕಾಲು ಸ್ವಾಧೀನ ತಪ್ಪಿ ಬಿದ್ದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಪಾಳಿಯ ಹೊತ್ತು ಕಡಿಮೆ ಮಾಡುತ್ತಾ ಮಾಡುತ್ತಾ ಕೆಲಸ ಮುಗಿಸಿದರು. ಸೇತುವೆ 1874ರ ಜುಲೈ 4ಕ್ಕೆ ತೆರೆಯಿತು. ಇಷ್ಟು ದೊಡ್ಡ ಸೇತುವೆಗೆ ಉಕ್ಕು ಬಳಸಿದ್ದು ಅದೇ ಮೊದಲು. ಜನರಿಗೆ ನಂಬಿಕೆ ಬರಲಿ ಅಂತ ಅದಕ್ಕೂ ಮುಂಚೆ ಒಂದು ಆನೆಯನ್ನು ದಾಟಿಸಿದ್ದರು. ಗಟ್ಟಿ ಇಲ್ಲದ ಸೇತುವೆ ಮೇಲೆ ಆನೆ ಹೆಜ್ಜೆ ಇಡುವುದಿಲ್ಲ ಅನ್ನುವ ನಂಬಿಕೆ ಅಲ್ವಾ. ಈಗಲೂ ಕೆಳಗಿನ ಅಂತಸ್ತಿನಲ್ಲಿ ಮೆಟ್ರೊಲಿಂಕ್ ರೈಲು ಓಡುತ್ತದೆ, ಮೇಲೆ ಕಾರುಗಳು. ಮೇಲಿನ ಕಾಲುದಾರಿಯಲ್ಲಿ ನಡೆಯಬಹುದು.

ಇದೇ ಹೊಳೆ ಇನ್ನೊಂದು ಗಡಿಯೂ ಆಗಿತ್ತು. ಈಚೆ ಮಿಸೌರಿಯಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಸರಿ, ಆಚೆ ಇಲಿನಾಯ್‌ನಲ್ಲಿ ಇಲ್ಲ. 1855ರ ಒಂದು ರಾತ್ರಿ ಮೇರಿ ಮೀಚಮ್ ಎಂಬ ಕಪ್ಪು ಮಹಿಳೆ ಕೆಲವು ಗುಲಾಮರನ್ನು ದೋಣಿಯಲ್ಲಿ ದಾಟಿಸಲು ಹೋಗಿ ಸಿಕ್ಕಿಬಿದ್ದರು. ಆ ಜಾಗ ಊರಿನ ಉತ್ತರಕ್ಕೆ ದಂಡೆಯಲ್ಲಿದೆ, ಈಗ ಅವರ ಹೆಸರಿದೆ. ಆರ್ಚ್ ಎದುರಿನ ಹಳೆ ಕೋರ್ಟ್ ಕಟ್ಟಡಕ್ಕೆ ಹೋಗಿ. ಡ್ರೆಡ್ ಸ್ಕಾಟ್, ಹ್ಯಾರಿಯೆಟ್ ಎಂಬ ಗಂಡ ಹೆಂಡತಿ ಗುಲಾಮಗಿರಿಯಿಂದ ಬಿಡುಗಡೆಗಾಗಿ 1846ರಲ್ಲಿ ಕೇಸು ಹಾಕಿದ್ದು ಈ ಊರಲ್ಲೇ. 1850ರಲ್ಲಿ ಈ ಕಟ್ಟಡದಲ್ಲಿ ಗೆದ್ದರು. ಮೇಲಿನ ಕೋರ್ಟು ಅದನ್ನು ತಳ್ಳಿ ಹಾಕಿತು. 1857ರಲ್ಲಿ ಸುಪ್ರೀಂ ಕೋರ್ಟು, ಕಪ್ಪು ಜನ ಈ ದೇಶದ ಪ್ರಜೆಗಳೇ ಆಗಲಾರರು ಎಂದು ತೀರ್ಪು ಕೊಟ್ಟಿತು. ದೇಶ ಅಂತರ್ಯುದ್ಧದ ಕಡೆ ಇನ್ನೊಂದು ಹೆಜ್ಜೆ ಇಟ್ಟಿತು. ಡ್ರೆಡ್ ಸ್ಕಾಟ್ ಸಮಾಧಿ ಕ್ಯಾಲ್ವರಿ ಸ್ಮಶಾನದಲ್ಲಿದೆ. ಬಂದವರು ಲಿಂಕನ್ ಮುಖದ ಒಂದು ಸೆಂಟಿನ ನಾಣ್ಯ ಇಟ್ಟು ಹೋಗುತ್ತಾರೆ.

ಈಗ ಆರ್ಚ್. 630 ಅಡಿ ಎತ್ತರ, ಅಷ್ಟೇ ಅಗಲ, 1965ರಲ್ಲಿ ಮುಗಿದದ್ದು. ಸುಂದರವಾಗಿದೆ, ಹತ್ತಿ ನೋಡಿ. ಆದರೆ ಅದರ ಸುತ್ತಿನ ಹಸಿರು ಹುಲ್ಲು ಖಾಲಿ ಜಾಗವಾಗಿರಲಿಲ್ಲ. ಅಲ್ಲಿ ಹಳೆಯ ಊರಿತ್ತು. ಸುಮಾರು ನಲವತ್ತು ಬ್ಲಾಕು ಗೋದಾಮು, ಅಂಗಡಿಗಳನ್ನು 1939ರಿಂದ ಕೆಡವಿದರು. 1834ರ ಹಳೆ ಕ್ಯಾಥೀಡ್ರಲ್ ಒಂದನ್ನು ಉಳಿಸಿದರು. 1959ರಿಂದ ಮಿಲ್ ಕ್ರೀಕ್ ವ್ಯಾಲಿ ಎಂಬ ಬಡಾವಣೆಯನ್ನೂ ಕೆಡವಿ ಸುಮಾರು 20 ಸಾವಿರ ಜನರನ್ನು ಒಕ್ಕಲೆಬ್ಬಿಸಿದರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಇದು ನನಗೆ ಇನ್ನೂ ಸಂಕಟ ಕೊಡುವ ವಿಷಯ.

ನಿಮ್ಮ ಭಯದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 1876ರಲ್ಲಿ ನಗರ ತನ್ನ ಜಿಲ್ಲೆಯಿಂದ ಬೇರೆಯಾಗಿ ಗಡಿ ಗೆರೆ ಹಾಕಿಕೊಂಡಿತು. ಆಮೇಲೆ ಗಡಿ ಬೆಳೆಯಲಿಲ್ಲ. ಹಣ ಇದ್ದವರು ಗೆರೆಯಾಚೆ ಹೋದರು. 1950ರಲ್ಲಿ 8.5 ಲಕ್ಷಕ್ಕೂ ಹೆಚ್ಚಿದ್ದ ಜನ 2020ಕ್ಕೆ ಸುಮಾರು 3 ಲಕ್ಷ. ಡೆಲ್ಮಾರ್ ರಸ್ತೆಯ ಉತ್ತರಕ್ಕೆ ಹೆಚ್ಚಾಗಿ ಕಪ್ಪು ಜನ, ಪಾಳು ಬಿದ್ದ ಮನೆಗಳು. ದಕ್ಷಿಣಕ್ಕೆ ಬೇರೆಯೇ ಲೋಕ. ಕಾರಲ್ಲಿ ಬ್ಯಾಗು ಬಿಡಬೇಡಿ, ರಾತ್ರಿ ನಿರ್ಜನ ಬೀದಿ ಬೇಡ. ಅಷ್ಟು ಎಚ್ಚರ ಸಾಕು.

ಒಂದು ಭಾನುವಾರ ಹೊಳೆ ದಾಟಿ ಕಹೋಕಿಯಾಗೆ ಹೋಗಿ. ಒಂಬೈನೂರು ವರ್ಷದ ಹಿಂದೆ ಅಲ್ಲಿ ಮೂಲನಿವಾಸಿಗಳ ದೊಡ್ಡ ನಗರ ಇತ್ತು. ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ದಿಬ್ಬ ಸುಮಾರು ನೂರಡಿ ಎತ್ತರ. ಮೇಲೆ ಹತ್ತಿದರೆ ದೂರದಲ್ಲಿ ಆರ್ಚ್ ಕಾಣುತ್ತದೆ. ಸೇಂಟ್ ಲೂಯಿಸ್ ಕಡೆಯೂ ಇಂಥ ದಿಬ್ಬಗಳಿದ್ದವು. ಅತಿ ದೊಡ್ಡದನ್ನು 1869ರ ಹೊತ್ತಿಗೆ ಅಗೆದು ಹಾಕಿದರು.

ಸಂಗೀತ ಇಷ್ಟವಾದರೆ, ರ‍್ಯಾಗ್‌ಟೈಮ್ ಸಂಗೀತಕ್ಕೆ ಹೆಸರಾದ ಸ್ಕಾಟ್ ಜಾಪ್ಲಿನ್ ಬಾಡಿಗೆಗಿದ್ದ ಮನೆ ಡೆಲ್ಮಾರ್‌ನಲ್ಲಿದೆ, ಒಳಗೆ ಹೋಗಿ ನೋಡಬಹುದು. ರಾಕ್ ಸಂಗೀತದ ಚಕ್ ಬೆರ್ರಿ ಈ ಊರಿನವರೇ, ಜಾಜ್‌ನ ಮೈಲ್ಸ್ ಡೇವಿಸ್ ಬೆಳೆದದ್ದು ಆಚೆ ದಡದ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ. ಫಾರೆಸ್ಟ್ ಪಾರ್ಕಿನಲ್ಲಿ 1904ರ ವಿಶ್ವ ಮೇಳ ನಡೆದಿತ್ತು. ಅಲ್ಲಿನ ಕಲಾ ಮ್ಯೂಸಿಯಂ, ಮೃಗಾಲಯಕ್ಕೆ ಪ್ರವೇಶ ಪುಕ್ಕಟೆ. ಗೂಯಿ ಬಟರ್ ಕೇಕ್ ತಿನ್ನಿ, ಬೆಣ್ಣೆ ಸಕ್ಕರೆ ಜಾಸ್ತಿ, ಆದರೂ ತಿನ್ನಿ. ದಿ ಹಿಲ್ ಎಂಬ ಇಟಾಲಿಯನ್ನರ ಬೀದಿಗಳಲ್ಲಿ ಕರಿದ ರವಿಯೊಲಿ, ಅಂದರೆ ಒಳಗೆ ಹೂರಣ ತುಂಬಿದ ಪಾಸ್ತಾ, ಸಿಗುತ್ತದೆ. ಸಸ್ಯಾಹಾರಿಗಳಾದರೆ ಒಳಗೆ ಮಾಂಸ ಇದೆಯಾ ಅಂತ ಕೇಳಿಕೊಳ್ಳಿ, ಸಾಮಾನ್ಯವಾಗಿ ಇರುತ್ತದೆ.

ಇನ್ನೊಂದು. ಹೊಸಬರನ್ನು ಕಂಡರೆ ಇಲ್ಲಿನವರು "ಯಾವ ಹೈಸ್ಕೂಲು?" ಅಂತ ಕೇಳುತ್ತಾರೆ. ಗಾಬರಿಯಾಗಬೇಡಿ. ನಿಮ್ಮ ಊರಿನ ಹೈಸ್ಕೂಲ್ ಹೆಸರು ಹೇಳಿ, ಮಾತು ಅಲ್ಲಿಂದಲೇ ಶುರುವಾಗುತ್ತದೆ.