ಗ್ರೂಪರ್ ಬಾಯೊಳಗೆ ಹೋಗಿ ಬರೋ ಪುಟ್ಟ ಮೀನು

ಪ್ರಶ್ನೆ: ಒಂದು ವಿಡಿಯೋ ನೋಡ್ದೆ ಸರ್, ದೊಡ್ಡ ಗ್ರೂಪರ್ ಮೀನು ಬಾಯಿ ತೆರ್ಕೊಂಡು ಸುಮ್ನೆ ನಿಂತಿದೆ, ಬೆರಳುದ್ದದ ನೀಲಿ-ಕಪ್ಪು ಪಟ್ಟೆ ಮೀನೊಂದು ಒಳಗೆ ಹೋಗಿ ಆರಾಮಾಗಿ ಹೊರಗೆ ಬರುತ್ತೆ. ಯಾಕೆ ನುಂಗಲ್ಲ? ಇದನ್ನ ಮನೆ ಟ್ಯಾಂಕಲ್ಲಿ ಸಾಕಬಹುದಾ?

ಉತ್ತರ: ನೀವು ನೋಡಿದ್ದು ಕ್ಲೀನರ್ ರಾಸ್. ಕೆಂಪು ಸಮುದ್ರದಿಂದ ಪೆಸಿಫಿಕ್‌ವರೆಗೂ ಇದೆ, ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಇದೆ. ಬೇರೆ ಮೀನಿನ ಮೈ, ಕಿವಿರು, ಬಾಯಲ್ಲಿ ಅಂಟ್ಕೊಂಡು ರಕ್ತ ಹೀರೋ ಹುಳಗಳೇ ಇದರ ಊಟ. ಆಸ್ಟ್ರೇಲಿಯಾದ ಲಿಜರ್ಡ್ ಐಲ್ಯಾಂಡ್ ಹತ್ರ ಲೆಕ್ಕ ಹಾಕಿದಾಗ ಒಂದೊಂದು ಮೀನು ದಿನಕ್ಕೆ ಸುಮಾರು 1,200 ಹುಳ ತಿನ್ನುತ್ತೆ ಅಂತ ಗೊತ್ತಾಯ್ತು. ಒಂದ್ಸಲ ನುಂಗಿದ್ರೆ ಒಂದು ತುತ್ತು ಅಷ್ಟೆ, ಬಿಟ್ರೆ ದಿನಾ ಮೈ ಕ್ಲೀನ್, ಅದಕ್ಕೇ ಗ್ರೂಪರ್ ನುಂಗಲ್ಲ.

ಆದ್ರೆ ಇದು ಬರೀ ಒಳ್ಳೆತನ ಅನ್ಕೋಬೇಡಿ, ಈ ಪುಟ್ಟ ಮೀನಿಗೆ ಹುಳಕ್ಕಿಂತ ಗಿರಾಕಿ (ಅಂದ್ರೆ ಕ್ಲೀನ್ ಮಾಡಿಸ್ಕೊಳ್ಳೋಕೆ ಬಂದ ಮೀನು) ಮೈಮೇಲಿನ ಲೋಳೆನೇ ಇಷ್ಟ, ಅವಕಾಶ ಸಿಕ್ಕಿದ್ರೆ ಅದನ್ನೇ ಕಚ್ಚುತ್ತೆ, ಗಿರಾಕಿ ಬೆಚ್ಚಿಬಿದ್ದು ಅಟ್ಟಿಸ್ಕೊಂಡು ಬರುತ್ತೆ ಇಲ್ಲಾ ಬೇರೆ ಕಡೆ ಹೋಗ್ಬಿಡುತ್ತೆ. ಗಂಡು-ಹೆಣ್ಣು ಜೊತೇಲಿ ಕ್ಲೀನ್ ಮಾಡ್ವಾಗ ಹೆಣ್ಣು ಹೀಗೆ ಕಚ್ಚಿ ಗಿರಾಕಿ ಓಡಿಹೋದ್ರೆ ಗಂಡು ಆ ಹೆಣ್ಣನ್ನ ಅಟ್ಟಾಡಿಸುತ್ತೆ, ಯಾಕಂದ್ರೆ ತನ್ನ ಊಟಾನೂ ಹೋಯ್ತಲ್ಲ! ಇನ್ನೊಂದು ವಿಷ್ಯ ನಂಗೆ ತುಂಬಾ ಇಷ್ಟ, ಅಂಗಡಿಯವ್ರು ಖಾತೆ ಗಿರಾಕಿನ ಕಾಯಿಸಿ ಹೊಸಬರಿಗೆ ಮೊದ್ಲು ಸಾಮಾನು ಕೊಡ್ತಾರಲ್ಲ ಹಾಗೆ, ಬೇರೆ ಕ್ಲೀನರ್ ಹತ್ರ ಹೋಗೋಕೆ ಆಗದೆ ಅಲ್ಲೇ ಇರೋ ಮೀನನ್ನ ಕಾಯಿಸಿ ದೂರ ಓಡಾಡೋ ಮೀನಿಗೆ ಮೊದ್ಲು ಸೇವೆ ಮಾಡುತ್ತೆ.

ಒಂದು ಗಂಡಿನ ಜೊತೆ ನಾಲ್ಕೈದು ಹೆಣ್ಣು ಇರ್ತವೆ. ಗಂಡು ಸತ್ರೆ ಅತಿ ದೊಡ್ಡ ಹೆಣ್ಣು ಕೆಲವೇ ಗಂಟೇಲಿ ಗಂಡಿನ ಥರ ಆಡೋಕೆ ಶುರು ಮಾಡಿ, ಎರಡು ಮೂರು ವಾರದಲ್ಲಿ ನಿಜವಾಗ್ಲೂ ಗಂಡೇ ಆಗ್ಬಿಡುತ್ತೆ. 2019ರಲ್ಲಿ ಜಪಾನಿನ ಒಸಾಕಾದ ಸಂಶೋಧಕರು ಇವಕ್ಕೆ ಕನ್ನಡಿ ತೋರ್ಸಿ, ಕುತ್ತಿಗೆ ಹತ್ರ ಹಾಕಿದ್ದ ಗುರುತನ್ನ ಮೀನು ನೆಲಕ್ಕೆ ಉಜ್ಜೋಕೆ ನೋಡಿದ್ದನ್ನ ಪ್ರಕಟಿಸಿದ್ರು, ಅದು ತನ್ನನ್ನ ತಾನೇ ಗುರುತಿಸಿದ್ದಾ ಅನ್ನೋ ವಾದ ಆಮೇಲೆ ಜೋರಾಗೇ ನಡೀತು.

ಇನ್ನು ಟ್ಯಾಂಕ್ ವಿಷ್ಯ. ದಯವಿಟ್ಟು ಬೇಡ. ನಾಲ್ಕೈದು ಮೀನಿರೋ ಟ್ಯಾಂಕಲ್ಲಿ ಅಷ್ಟು ಹುಳ ಎಲ್ಲಿಂದ ಬರ್ಬೇಕು, ಪ್ಯಾಕೆಟ್ ಫುಡ್ ಎಷ್ಟೋ ಮೀನು ಮುಟ್ಟೋದೇ ಇಲ್ಲ, ಸೊರಗಿ ಸಾಯ್ತವೆ. ಸಮುದ್ರಕ್ಕೂ ನಷ್ಟ: ಅದೇ ಲಿಜರ್ಡ್ ಐಲ್ಯಾಂಡಲ್ಲಿ ಕೆಲವು ಚಿಕ್ಕ ದಿಬ್ಬಗಳಿಂದ ಇವನ್ನ 8 ವರ್ಷಕ್ಕೂ ಮೇಲೆ ತೆಗೀತಾ ಬಂದಾಗ, ಅಲ್ಲೇ ನೆಲೆಸೋ ಮೀನುಗಳು 37 ಪರ್ಸೆಂಟ್ ಕಮ್ಮಿ ಆಗಿದ್ವು.